ಮೂಕ ಪ್ರಾಣಿಗಳ ರಕ್ಷಣೆಗೆ ಕಾನೂನಿನ ನೆರವು

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರವೊಂದರಲ್ಲಿ ನಿವೃತ್ತ ಪಶುವೈದ್ಯ ಪ್ರಾಧ್ಯಾಪಕರೊಬ್ಬರು ಮಾಡಿದ ಭಾಷಣ)



ಕಳೆದ ಎರಡು ದಿನಗಳಿಂದ ಈ ಶಿಬಿರದಲ್ಲಿ ತಾವು ಮೇವಿನ ಬೆಳೆಗಳು, ಕೆಚ್ಚಲು ಬಾವು, ಕರುಗಳ ಪಾಲನೆ ಮುಂತಾದ ವಿಷಯಗಳ ಬಗ್ಗೆ ತಜ್ಞರ ಮಾತುಗಳನ್ನು ಕೇಳಿದ್ದೀರಿ. ನನಗೆ ವಹಿಸಿರುವ ವಿಷಯ ಸ್ವಲ್ಪ ಬೇರೆಯದು. ದನಕರುಗಳ ಮೇಲೆ ಹಿಂಸೆ ನಡೆದಾಗ ಕಾನೂನು ಮತ್ತು ನ್ಯಾಯಾಲಯದ ನೆರವನ್ನು ಹೇಗೆ ಪಡೆಯಬಹುದು ಎಂಬುದೇ ಆ ವಿಷಯ. ಕೋರ್ಟು ಎಂದ ಕೂಡಲೇ ನಮಗೆ ನೆನಪಾಗುವುದು ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಸಾಲದ ನೋಟೀಸು. ಎತ್ತಿಗೂ ಎಮ್ಮೆಗೂ ಕೋರ್ಟಿನಲ್ಲಿ ಏನು ಕೆಲಸ ಎಂದು ತಾವು ಕೇಳಬಹುದು.

ನಾನು ವಕೀಲನಲ್ಲ. ದನದ ಡಾಕ್ಟರು. ಆದರೆ ಇಂಥ ಪ್ರಕರಣಗಳಲ್ಲಿ ಸಾಕ್ಷಿಯ ಕಟಕಟೆ ಹತ್ತಿದ್ದೇನೆ. ಒಮ್ಮೆ ಅಲ್ಲಿ ತಲೆ ತಗ್ಗಿಸಿಯೂ ಇಳಿದಿದ್ದೇನೆ. ಮೊದಲು ಆ ಸಂಗತಿಯನ್ನೇ ಹೇಳುತ್ತೇನೆ. ಏಕೆಂದರೆ ಈ ದಿನ ನಾನು ಹೇಳಬೇಕಾದದ್ದೆಲ್ಲ ಅದರಲ್ಲಿಯೇ ಇದೆ.

ನಾನು ಸೋತ ಪ್ರಕರಣ

1986ರ ಮಾತು. ನಾನು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಕಬ್ಬು ನುರಿಸುವ ಹಂಗಾಮು. ನಮ್ಮ ಪಶು ಚಿಕಿತ್ಸಾಲಯಕ್ಕೆ ಎರಡು ಮೈಲಿ ದೂರದಲ್ಲಿ ಒಂದು ಸಕ್ಕರೆ ಕಾರ್ಖಾನೆ. ಗಾಡಿಗಳ ಸಾಲು ರಸ್ತೆಯುದ್ದಕ್ಕೂ ನಿಲ್ಲುತ್ತಿತ್ತು. ಕಾರ್ಖಾನೆಗೆ ಹೋಗುವ ಏರಿನಲ್ಲಿ ಒಂದು ದಿನ ಮಧ್ಯಾಹ್ನ ಒಂದು ಎತ್ತು ಮುಂಗಾಲು ಮಡಿಸಿ ಬಿತ್ತು. ಹೆಗಲ ಮೇಲೆ ಅಂಗೈ ಅಗಲದ ಹುಣ್ಣು. ಅದರ ಮೇಲೆಯೇ ನೊಗ ಕೂತಿತ್ತು. ಗಾಡಿ ಹೊಡೆಯುವವನ ಕೈಯಲ್ಲಿ ಮೊಳೆ ಬಡಿದ ಕೋಲು. ಅದೇ ದಾರಿಯಲ್ಲಿ ಹೋಗುತ್ತಿದ್ದ ಶಾಲಾ ಮಾಸ್ತರರೊಬ್ಬರು ಎತ್ತಿನ ಕೊರಳ ಹಗ್ಗ ಬಿಡಿಸಿ, ನೀರು ಕುಡಿಸಿ, ನನಗೆ ಹೇಳಿಕಳುಹಿಸಿದರು. ನಾನು ಬಂದು ಚಿಕಿತ್ಸೆ ಮಾಡಿದೆ. ಮಾಸ್ತರರು ಪೊಲೀಸ್ ಠಾಣೆಗೆ ದೂರು ಕೊಟ್ಟರು. ಠಾಣೆಯಿಂದ ನನಗೆ ಪ್ರಮಾಣ ಪತ್ರ ಕೇಳಿದರು. ನಾನು ಒಂದೇ ಸಾಲು ಬರೆದುಕೊಟ್ಟೆ: ಎತ್ತು ಗಾಯಗೊಂಡಿದೆ, ನಿಶ್ಶಕ್ತವಾಗಿದೆ.

ಪ್ರಕರಣ ನ್ಯಾಯಾಲಯಕ್ಕೆ ಬಂತು. ಆರೋಪಿಯ ವಕೀಲರು ನನ್ನನ್ನು ಕೇಳಿದ ಪ್ರಶ್ನೆಗಳು ಬಹಳ ಸರಳವಾಗಿದ್ದವು. ಹುಣ್ಣಿನ ಉದ್ದಗಲ ಎಷ್ಟು? ಅದು ಹಳೆಯದೋ ಹೊಸದೋ? ಎತ್ತಿನ ತೂಕ ಎಷ್ಟು? ಗಾಡಿಯಲ್ಲಿ ಹೊರೆ ಎಷ್ಟಿತ್ತು? ನೀವು ಎತ್ತನ್ನು ನೋಡಿದಾಗ ಗಂಟೆ ಎಷ್ಟು? ಒಂದಕ್ಕೂ ನನ್ನ ಬಳಿ ಬರೆದಿಟ್ಟ ಉತ್ತರವಿರಲಿಲ್ಲ. ಕಾರ್ಖಾನೆಯ ಕಾಟಾದಲ್ಲಿ ಆ ಗಾಡಿಯ ತೂಕದ ಚೀಟಿ ಇತ್ತು. ಅದನ್ನು ತರಬೇಕೆಂದು ನನಗಾಗಲಿ, ಠಾಣೆಯವರಿಗಾಗಲಿ ತೋಚಲಿಲ್ಲ. ಪ್ರಕರಣ ಬಿದ್ದುಹೋಯಿತು. ನ್ಯಾಯಾಧೀಶರು ಕಟುಕರಾಗಿದ್ದರೆಂದಲ್ಲ. ಅವರು ನೋಡುವುದು ತಮ್ಮ ಮುಂದಿರುವ ಕಾಗದವನ್ನು. ಕಾಗದದಲ್ಲಿ ಎತ್ತಿನ ನೋವು ಇರಲೇ ಇಲ್ಲ.

ಹೊರಗೆ ಬಂದಾಗ ಗಾಡಿ ಹೊಡೆಯುವಾತ ನನ್ನ ಬಳಿ ಬಂದ. ಅವನಿಗೆ ಸಂತೋಷವೇನೂ ಇರಲಿಲ್ಲ. "ಸ್ವಾಮಿ, ನನಗೆ ದಂಡ ಬಿದ್ದಿದ್ದರೂ ಆ ಎತ್ತಿಗೆ ಏನು ಸಿಗುತ್ತಿತ್ತು? ಗಾಡಿ ನನ್ನದಲ್ಲ, ಎತ್ತೂ ನನ್ನದಲ್ಲ. ಇಷ್ಟು ಹೇರು ಅಂದವರು ಬೇರೆ. ನಾನು ಸಂಬಳದಾಳು" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ನಾವು ಮಾಡಲು ಹೊರಟಿದ್ದುದು ಅದೇ ಆಗಿತ್ತು. ಆ ಹಂಗಾಮು ಮುಗಿಯುವ ಮುನ್ನವೇ ಆ ಎತ್ತು ಸತ್ತಿತೆಂದು ನನಗೆ ಆಮೇಲೆ ತಿಳಿಯಿತು.

ಕಾನೂನು ಬೆಳೆದು ಬಂದ ದಾರಿ

ಪ್ರಾಣಿಹಿಂಸೆಯನ್ನು ಅಪರಾಧವೆಂದು ಪರಿಗಣಿಸುವ ಕಾಯಿದೆ ಇಂಗ್ಲೆಂಡಿನಲ್ಲಿ 1822ರಲ್ಲಿ ಬಂತು. ರಿಚರ್ಡ್ ಮಾರ್ಟಿನ್ ಎಂಬ ಪಾರ್ಲಿಮೆಂಟ್ ಸದಸ್ಯರು ಅದನ್ನು ತಂದರು. ಕತ್ತೆಯೊಂದನ್ನು ಹೊಡೆದವನ ಮೇಲೆ ಅವರು ಮೊಕದ್ದಮೆ ಹೂಡಿ, ಗಾಯಗೊಂಡ ಆ ಕತ್ತೆಯನ್ನೇ ನ್ಯಾಯಾಲಯದೊಳಕ್ಕೆ ಕರೆತಂದರೆಂದು ಹೇಳುತ್ತಾರೆ. ಮಾತು ಬಾರದ ಪ್ರಾಣಿಯ ಪರವಾಗಿ ಅದರ ಗಾಯವೇ ಸಾಕ್ಷಿ ಹೇಳಬೇಕು ಎಂಬುದು ಅದರ ಅರ್ಥ.

ನಮ್ಮ ದೇಶದಲ್ಲಿ 1890ರ ಒಂದು ಕಾಯಿದೆ ಇತ್ತು. ಅದು ಬಹಳ ದುರ್ಬಲವಾಗಿತ್ತು. ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ರಾಜ್ಯಸಭೆಯ ಸದಸ್ಯೆಯಾಗಿದ್ದ ಪ್ರಸಿದ್ಧ ಭರತನಾಟ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಸಮಗ್ರ ಕಾಯಿದೆ ತರುವುದಾಗಿ ಭರವಸೆ ಕೊಟ್ಟ ಮೇಲೆ ಅವರು ಅದನ್ನು ಹಿಂದಕ್ಕೆ ಪಡೆದರು. ಹೀಗೆ ಹುಟ್ಟಿದ್ದೇ 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಅದರ ಅಡಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು.

1976ರಲ್ಲಿ ಸಂವಿಧಾನಕ್ಕೆ 51-ಎ ವಿಧಿಯನ್ನು ಸೇರಿಸಲಾಯಿತು. ಎಲ್ಲ ಜೀವಿಗಳ ಬಗ್ಗೆ ಅನುಕಂಪ ತೋರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಅದು ಸಾರುತ್ತದೆ.

ಕಾಯಿದೆ ಏನು ಹೇಳುತ್ತದೆ?

ಕಾಯಿದೆಯ 3ನೆಯ ಪ್ರಕರಣ ಅದರ ತಾಯಿಬೇರು ಇದ್ದಂತೆ. ಯಾರ ವಶದಲ್ಲಿ ಪ್ರಾಣಿ ಇದೆಯೋ ಅವರು ಅದರ ಯೋಗಕ್ಷೇಮಕ್ಕೆ ಬೇಕಾದ ಎಲ್ಲ ಯುಕ್ತ ಕ್ರಮಗಳನ್ನು ಕೈಗೊಳ್ಳಬೇಕು ಮತ್ತು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು. ಇದು ದಯೆಯ ಮಾತಲ್ಲ, ಕರ್ತವ್ಯ.

11ನೆಯ ಪ್ರಕರಣದಲ್ಲಿ ಅಪರಾಧಗಳ ಪಟ್ಟಿ ಇದೆ. ರೈತರಿಗೆ ಸಂಬಂಧಿಸಿದವು ಮುಖ್ಯವಾಗಿ ಇವು:

1. ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಶಕ್ತಿ ಮೀರಿ ಓಡಿಸುವುದು, ಶಕ್ತಿ ಮೀರಿ ಹೊರೆ ಹೇರುವುದು.

2. ವಯಸ್ಸು, ರೋಗ, ಗಾಯ ಅಥವಾ ಹುಣ್ಣಿನಿಂದ ಕೆಲಸಕ್ಕೆ ಬಾರದ ಪ್ರಾಣಿಯನ್ನು ದುಡಿಸುವುದು.

3. ನೋವಾಗುವ ರೀತಿಯಲ್ಲಿ ವಾಹನದಲ್ಲಿ ತುಂಬಿ ಸಾಗಿಸುವುದು.

4. ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿ, ಹಗ್ಗದಿಂದ ಬಹಳ ಹೊತ್ತು ಕಟ್ಟಿಹಾಕುವುದು.

5. ಸಾಕಿದವರು ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು.

6. ಸಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ಪ್ರಾಣಿಯನ್ನು ಬೀದಿಗೆ ಬಿಡುವುದು.

ಇದನ್ನು ಕೇಳಿ ರೈತರು ಹೆದರಬೇಕಾಗಿಲ್ಲ. ಕೋಡು ಸುಡುವುದು, ಬೀಜ ಒಡೆಯುವುದು, ಮೂಗುದಾರ ಹಾಕುವುದು ಇವು ಬೇಸಾಯಕ್ಕೆ ಅವಶ್ಯವಾದ ಕೆಲಸಗಳೆಂದು ಕಾಯಿದೆಯೇ ಒಪ್ಪಿಕೊಂಡಿದೆ. ಆದರೆ ಅವು ನಿಯಮದಲ್ಲಿ ವಿಧಿಸಿದ ಕ್ರಮದಲ್ಲಿ ನಡೆಯಬೇಕು. ಆದ್ದರಿಂದ ಈ ಕೆಲಸಗಳನ್ನು ಪಶುವೈದ್ಯರಿಂದಲೇ ಮಾಡಿಸುವುದು ಕ್ಷೇಮ.

12ನೆಯ ಪ್ರಕರಣ ಹೈನುಗಾರರು ಅಗತ್ಯವಾಗಿ ತಿಳಿದಿರಬೇಕಾದದ್ದು. ಹೆಚ್ಚು ಹಾಲು ಇಳಿಸಲೆಂದು ಹಸು ಎಮ್ಮೆಗಳ ಆರೋಗ್ಯಕ್ಕೆ ಹಾನಿಯಾಗುವಂಥ ಚುಚ್ಚುಮದ್ದು ಕೊಡುವುದು ಅಪರಾಧ. ಇದಕ್ಕೆ 1000 ರೂಪಾಯಿವರೆಗೆ ದಂಡ, 2 ವರ್ಷದವರೆಗೆ ಸಜೆ ಅಥವಾ ಎರಡೂ ಆಗಬಹುದು. ಅಲ್ಲದೆ ಆ ಪ್ರಾಣಿ ಸರ್ಕಾರದ ವಶವಾಗುತ್ತದೆ.

ಎಳೆಯುವ ಪ್ರಾಣಿಗಳಿಗೆ ನಿಯಮಗಳು

1965ರಲ್ಲಿ ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗಾಗಿಯೇ ಪ್ರತ್ಯೇಕ ನಿಯಮಗಳಾದವು. ಅವುಗಳಲ್ಲಿ ನೆನಪಿಡಬೇಕಾದವು ಹೀಗಿವೆ:

ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿ ಇಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಡಿಗ್ರಿ ಸೆಲ್ಷಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಗಾಡಿ ಹೂಡಬಾರದು. ಕೆಲಸ ಮುಗಿದ ಮೇಲೆ ನೊಗಕ್ಕೆ ಕಟ್ಟಿಯೇ ನಿಲ್ಲಿಸಬಾರದು. ಮೊಳೆ ಅಥವಾ ಮುಳ್ಳು ಇರುವ ಕೋಲು, ಚೂಪಾದ ನೊಗ, ಗಾಯ ಮಾಡುವ ಯಾವುದೇ ಸಲಕರಣೆ ಕೂಡದು. ಗಾಡಿಯಲ್ಲಿ ಹೊಡೆಯುವವನನ್ನೂ 6 ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು 4 ಜನಕ್ಕಿಂತ ಹೆಚ್ಚು ಕೂಡಬಾರದು.

ಹೊರೆಯ ಮಿತಿ ಎತ್ತಿನ ತೂಕ ಮತ್ತು ಗಾಡಿಯ ಚಕ್ರವನ್ನು ಅವಲಂಬಿಸಿದೆ. 200ರಿಂದ 350 ಕಿಲೋಗ್ರಾಂ ತೂಗುವ ಮಧ್ಯಮ ಗಾತ್ರದ ಎತ್ತಿಗೆ ಎರಡು ಚಕ್ರದ ಗಾಡಿಯಲ್ಲಿ, ಗಾಳಿಯ ಟೈರು ಇಲ್ಲದಿದ್ದರೆ 700 ಕಿಲೋಗ್ರಾಂ, ಟೈರು ಇದ್ದರೆ 1050 ಕಿಲೋಗ್ರಾಂ. ಜೋಡಿ ಎತ್ತಾದರೆ ಇದರ ಎರಡರಷ್ಟು. ದಾರಿಯಲ್ಲಿ 1 ಕಿಲೋಮೀಟರಿಗೆ ಕಡಿಮೆಯಿಲ್ಲದ ಏರಿದ್ದು, ಆ ಏರು 30 ಮೀಟರಿಗೆ 3 ಮೀಟರಿಗಿಂತ ಕಡಿದಾಗಿದ್ದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ. ಸಂಶಯ ಬಂದಾಗ ಗಾಡಿಯನ್ನು ಕಾಟಾಕ್ಕೆ ಕೊಂಡೊಯ್ದು ತೂಗಿಸುವ ಅಧಿಕಾರ ಕಾನ್ಸ್‌ಟೇಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಗೆ ಇದೆ.

ದನ ಸಾಗಿಸುವವರಿಗೆ 1978ರ ನಿಯಮಗಳಿವೆ. ಸಾಗಿಸುವ ಮುನ್ನ ಪಶುವೈದ್ಯರ ಪ್ರಮಾಣ ಪತ್ರ ಪಡೆಯಬೇಕು. ಒಂದು ಸರಕು ಲಾರಿಯಲ್ಲಿ 6ಕ್ಕಿಂತ ಹೆಚ್ಚು ದನಗಳನ್ನು ತುಂಬಬಾರದು. ದಾರಿಯಲ್ಲಿ ಮೇವು ನೀರಿನ ಏರ್ಪಾಡಿರಬೇಕು. ಜಾತ್ರೆಯಿಂದ ಎತ್ತು ಕೊಂಡು ತರುವ ರೈತರೂ ಇದನ್ನು ಗಮನಿಸಬೇಕು.

ಜವಾಬ್ದಾರಿ ಯಾರದು?

ನನ್ನ ಮೊದಲಿನ ಪ್ರಕರಣದಲ್ಲಿ ಗಾಡಿಯ ಆಳು ಕೇಳಿದ ಪ್ರಶ್ನೆಗೆ ಉತ್ತರ ಕಾಯಿದೆಯಲ್ಲಿಯೇ ಇದೆ. ಅದನ್ನು ನಾನು ಓದಿರಲಿಲ್ಲ. ಪ್ರಾಣಿಯ ಮಾಲೀಕ ಯುಕ್ತವಾದ ಎಚ್ಚರಿಕೆ ಮತ್ತು ಮೇಲ್ವಿಚಾರಣೆ ವಹಿಸದೆ ಹೋದರೆ ಅಪರಾಧ ಅವನದೂ ಆಗುತ್ತದೆ ಎಂದು 11ನೆಯ ಪ್ರಕರಣದ 2ನೆಯ ಉಪಪ್ರಕರಣ ಹೇಳುತ್ತದೆ. ಹೊರೆಯ ನಿಯಮವೂ ಬಳಸುವವನನ್ನು ಮಾತ್ರವಲ್ಲ, ಬಳಸುವಂತೆ ಮಾಡುವವನನ್ನೂ ಹಿಡಿಯುತ್ತದೆ. ಆದ್ದರಿಂದ ದೂರು ಬರೆಯುವಾಗ ಕೈಯಲ್ಲಿ ಕೋಲು ಹಿಡಿದವನ ಹೆಸರು ಬರೆದು ಸುಮ್ಮನಾಗಬಾರದು. ಎತ್ತು ಯಾರದು, ಹೊರೆ ಯಾರದು, ಇಷ್ಟು ಹೇರಲು ಯಾರು ಹೇಳಿದರು ಎಂಬುದನ್ನೂ ಬರೆಯಬೇಕು.

ಈಗ ಕಾನೂನಿನ ದೌರ್ಬಲ್ಯವನ್ನೂ ಮುಚ್ಚಿಡದೆ ಹೇಳಬೇಕು. 11ನೆಯ ಪ್ರಕರಣದ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ. 3 ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಸಜೆ ಅಥವಾ ಎರಡೂ. 1960ರಲ್ಲಿ 50 ರೂಪಾಯಿ ದೊಡ್ಡ ಮೊತ್ತ. ಈಗ ಅದಕ್ಕೆ ಒಂದು ಹೊರೆ ಹುಲ್ಲೂ ಬರುವುದಿಲ್ಲ. ಪ್ರಾಣಿಯನ್ನು ಕೊಂದರೆ ಅಥವಾ ಊನ ಮಾಡಿದರೆ ಮಾತ್ರ ಕಾನೂನು ಕಠಿಣವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಪ್ರಕರಣದಂತೆ ಇದಕ್ಕೆ 5 ವರ್ಷದವರೆಗೆ ಸಜೆ ಆಗಬಹುದು. ವೈರಕ್ಕೆ ನೆರೆಯವರ ಹಸುವಿಗೆ ವಿಷ ಹಾಕುವವರು ಇದನ್ನು ತಿಳಿದಿರಲಿ.

ದೊಡ್ಡ ನ್ಯಾಯಾಲಯಗಳ ತೀರ್ಪುಗಳು

ತಾವು ಪತ್ರಿಕೆಗಳಲ್ಲಿ ಜಲ್ಲಿಕಟ್ಟು ಮತ್ತು ಕಂಬಳದ ಮೊಕದ್ದಮೆಗಳನ್ನು ಓದಿರಬಹುದು. 2014ರ ಮೇ 7ರಂದು ಸುಪ್ರೀಂ ಕೋರ್ಟು, ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ಅವರ ನಡುವಣ ಮೊಕದ್ದಮೆಯಲ್ಲಿ ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. ಹಸಿವು ಬಾಯಾರಿಕೆಗಳಿಂದ, ಭಯ ಸಂಕಟಗಳಿಂದ, ಬಿಸಿಲು ಚಳಿ ಮೊದಲಾದ ದೈಹಿಕ ತೊಂದರೆಗಳಿಂದ, ನೋವು ಗಾಯ ರೋಗಗಳಿಂದ ಬಿಡುಗಡೆ ಮತ್ತು ತನ್ನ ಸಹಜ ಸ್ವಭಾವದಂತೆ ನಡೆದುಕೊಳ್ಳುವ ಅವಕಾಶ, ಹೀಗೆ ಐದು ಸ್ವಾತಂತ್ರ್ಯಗಳನ್ನು ಕಾಯಿದೆಯ ಒಳಗೇ ಕಾಣಬೇಕೆಂದು ಹೇಳಿತು. ದಂಡದ ಮೊತ್ತ ಏನೇನೂ ಸಾಲದು, ಪಾರ್ಲಿಮೆಂಟು ಅದನ್ನು ಹೆಚ್ಚಿಸಬೇಕೆಂದೂ ಅಭಿಪ್ರಾಯಪಟ್ಟಿತು.

ನಮ್ಮ ಕರಾವಳಿಯ ಕಂಬಳಕ್ಕೆ 2016ರಲ್ಲಿ ಹೈಕೋರ್ಟಿನ ತಡೆ ಬಂತು. ಜನರು ಪ್ರತಿಭಟಿಸಿದರು. ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ರಾಜ್ಯಗಳು 2017ರಲ್ಲಿ ಕಾಯಿದೆಗೆ ತಿದ್ದುಪಡಿ ತಂದವು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೂ ಮನುಷ್ಯರಂತೆ ಮೂಲಭೂತ ಹಕ್ಕುಗಳಿವೆ ಎಂಬ ವಾದವನ್ನು ಒಪ್ಪಲಿಲ್ಲ. ಆದರೆ ತಿದ್ದುಪಡಿ ಮತ್ತು ನಿಯಮಗಳಿಂದ ಪ್ರಾಣಿಗಳ ನೋವು ಗಣನೀಯವಾಗಿ ತಗ್ಗಿದೆ ಎಂಬುದನ್ನು ಆಧಾರವಾಗಿಟ್ಟುಕೊಂಡೇ ಅನುಮತಿ ನೀಡಿತು. ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿ ಮಾಡುವ ಹೊಣೆಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಮೇಲೆ ಹೊರಿಸಿತು.

ಈ ತೀರ್ಪಿನಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ಚರ್ಚಿಸುವವರು ಬಹಳ. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ಒಂಬತ್ತು ವರ್ಷ ನಡೆದ ಈ ವ್ಯಾಜ್ಯದಿಂದ ಕೋಣದ ಬೆನ್ನಿನ ಮೇಲೆ ಬೀಳುವ ಬಾರುಕೋಲಿನ ಏಟು ಸಾರ್ವಜನಿಕ ಪ್ರಶ್ನೆಯಾಯಿತು. ಸಂಪ್ರದಾಯ ಉಳಿಯಬೇಕಾದರೆ ಪ್ರಾಣಿಯ ನೋವು ತಗ್ಗಬೇಕು ಎಂಬ ಮಾತನ್ನು ಎರಡೂ ಕಡೆಯವರು ಒಪ್ಪಬೇಕಾಯಿತು. ಆದರೆ ದೆಹಲಿಯ ತೀರ್ಪು ನಮ್ಮೂರಿನ ಏರಿನಲ್ಲಿ ಬಿದ್ದ ಎತ್ತನ್ನು ತಾನಾಗಿ ಎತ್ತಿ ನಿಲ್ಲಿಸದು. ಅದು ನಮ್ಮ ಕೆಲಸ.

ಎರಡನೆಯ ಪ್ರಕರಣ

ಮತ್ತೆ ನನ್ನ ಅನುಭವಕ್ಕೆ ಬರುತ್ತೇನೆ. 1991ರಲ್ಲಿ ಇನ್ನೊಂದು ತಾಲ್ಲೂಕಿನಲ್ಲಿ ಇಂಥದೇ ಒಂದು ಪ್ರಕರಣ ನನ್ನ ಬಳಿ ಬಂತು. ಜೋಡಿ ಎತ್ತಿನ ಟೈರು ಗಾಡಿ. ಒಂದು ಎತ್ತಿನ ಹೆಗಲಲ್ಲಿ ಕೀವು ಸೋರುತ್ತಿದ್ದ ಹುಣ್ಣು. ಈ ಸಲ ನಾನು ಅಳತೆಪಟ್ಟಿ ಹಿಡಿದು ಕೂತೆ. ಹುಣ್ಣಿನ ಉದ್ದ, ಅಗಲ, ಆಳ ಬರೆದೆ. ಅಂಚು ಗಟ್ಟಿಯಾಗಿರುವುದರಿಂದ ಇದು ಹಳೆಯ ಹುಣ್ಣು, ಇದರ ಮೇಲೆ ನೊಗ ಇಟ್ಟಿದ್ದಾರೆ ಎಂದು ಬರೆದೆ. ಎದೆಯ ಸುತ್ತಳತೆ ಮತ್ತು ಉದ್ದದಿಂದ ಎತ್ತಿನ ತೂಕ ಲೆಕ್ಕ ಹಾಕಿದೆ. ದಿನಾಂಕ, ಗಂಟೆ, ಸ್ಥಳ ಹಾಕಿ ಸಹಿ ಮಾಡಿದೆ. ಗ್ರಾಮಸೇವಕರು ಕಾರ್ಖಾನೆಯಿಂದ ತೂಕದ ಚೀಟಿಯ ನಕಲು ತಂದರು. ಕಬ್ಬೇ 2 ಟನ್ 900 ಕಿಲೋಗ್ರಾಂ ಇತ್ತು. ಆ ಜೋಡಿಗೆ ನಿಯಮದ ಮಿತಿ 2100 ಕಿಲೋಗ್ರಾಂ. ದೂರನ್ನು ಎತ್ತಿನ ಮಾಲೀಕನ ಮೇಲೆ ಬರೆಯಲಾಯಿತು. ಗಾಡಿ ಹೊಡೆಯುವ ಆಳು ಸಾಕ್ಷಿಯಾಗಿ ಬಂದ.

ಮ್ಯಾಜಿಸ್ಟ್ರೇಟರು ಮಾಡಿದ ಮೊದಲ ಕೆಲಸವೆಂದರೆ, ಕಾಯಿದೆಯ 35ನೆಯ ಪ್ರಕರಣದಂತೆ, ಎತ್ತನ್ನು ಗುಣವಾಗುವವರೆಗೆ ಚಿಕಿತ್ಸೆ ಮತ್ತು ಪಾಲನೆಗೆ ಕಳುಹಿಸಿದ್ದು. ಅದರ ಖರ್ಚು ಮಾಲೀಕನ ಮೇಲೆ. ಕೊನೆಗೆ ಬಿದ್ದ ದಂಡ 50 ರೂಪಾಯಿ. ಆದರೆ ಮೇವು, ಔಷಧಿ, ಸಾಗಣೆಗೆ ಅವನು ಕಟ್ಟಿದ್ದು ಅದರ ಹಲವು ಪಟ್ಟು. ಒಂದು ಮಾತು ಇಲ್ಲಿ ಮುಖ್ಯ. ಮಾಲೀಕ ನಿಜವಾಗಿ ಬಡವನಾಗಿದ್ದರೆ ಚಿಕಿತ್ಸೆಯ ಖರ್ಚನ್ನು ಮನ್ನಾ ಮಾಡಲು ಅದೇ ಪ್ರಕರಣದಲ್ಲಿ ಅವಕಾಶವಿದೆ. ಕಾಯಿದೆ ಬರೆದವರು ಬಡ ರೈತನನ್ನು ಮರೆತಿಲ್ಲ.

ಎರಡು ತಿಂಗಳ ಮೇಲೆ ಆ ಎತ್ತು ಗುಣವಾಗಿ ಮನೆಗೆ ಹೋಯಿತು. ನಾವು ಕೆಲವರು ಅದೇ ತೂಕದ ಚೀಟಿಗಳನ್ನು ಹಿಡಿದು ಕಾರ್ಖಾನೆಯ ಆಡಳಿತದವರನ್ನು ಕಂಡೆವು. ಮುಂದಿನ ಹಂಗಾಮಿಗೆ ಎತ್ತಿನ ಗಾಡಿಗಳಿಗೆ ಬೇರೆ ಸಾಲು, ನೆರಳಿಗೆ ಒಂದು ಚಪ್ಪರ, ನೀರಿನ ತೊಟ್ಟಿ ಬಂದವು. ರಾತ್ರಿಯಿಡೀ ನೊಗ ಹೊತ್ತು ನಿಲ್ಲುವುದು ತಪ್ಪಿತು. ಒಂದು ಎತ್ತಿನ ಪ್ರಕರಣದಿಂದ ನೂರಾರು ಎತ್ತುಗಳಿಗೆ ಅನುಕೂಲವಾಯಿತು.

ಅನುಸರಿಸಬೇಕಾದ ಕ್ರಮಗಳು

ವಿಸ್ತರಣಾ ಕಾರ್ಯಕರ್ತರು ಮತ್ತು ರೈತ ಮುಖಂಡರು ಇಂಥ ಸಂದರ್ಭದಲ್ಲಿ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಮೊದಲು ಪ್ರಾಣಿಗೆ ಉಪಚಾರ. ನೊಗದಿಂದ ಬಿಡಿಸಿ, ನೆರಳು, ನೀರು ಕೊಟ್ಟು, ಪಶುವೈದ್ಯರನ್ನು ಕರೆಸಿರಿ.

2. ಮಾಲೀಕರೊಡನೆ ಮಾತನಾಡಿರಿ. ಅನೇಕ ಸಲ ಅಜ್ಞಾನ ಅಥವಾ ಬಡತನವೇ ಕಾರಣ. ಬುದ್ಧಿಮಾತು ಮತ್ತು ಚಿಕಿತ್ಸೆಯಿಂದ ಸರಿಹೋಗುವ ಕಡೆ ಕೋರ್ಟು ಬೇಡ. ಬೇಕೆಂದೇ ಮಾಡುವವರು, ಹೇಳಿದರೂ ಕೇಳದವರು, ಲಾಭಕ್ಕಾಗಿ ಮಾಡಿಸುವವರು ಇದ್ದಾಗ ಕಾನೂನಿನ ಮೊರೆ ಹೋಗಿರಿ.

3. ಕಂಡದ್ದನ್ನು ಅಲ್ಲಿಯೇ ಬರೆದಿಡಿರಿ. ದಿನಾಂಕ, ಗಂಟೆ, ಸ್ಥಳ, ಪ್ರಾಣಿಯ ಬಣ್ಣ ಮತ್ತು ಗುರುತು, ವಾಹನದ ಸಂಖ್ಯೆ, ಕಂಡವರ ಹೆಸರು ಇರಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ಛಾಯಾಚಿತ್ರ ತೆಗೆಯುವುದು ಸುಲಭ.

4. ಪಶುವೈದ್ಯರಿಂದ ವಿವರವಾದ ಪ್ರಮಾಣ ಪತ್ರ ಪಡೆಯಿರಿ. ಗಾಯದ ಅಳತೆ, ಅದು ಹಳೆಯದೋ ಹೊಸದೋ, ಕಾರಣ, ಪ್ರಾಣಿಯ ತೂಕ, ಕೆಲಸ ಮಾಡುವ ಶಕ್ತಿ ಇದೆಯೇ ಇಲ್ಲವೇ ಎಂಬುದು ಅದರಲ್ಲಿರಬೇಕು. ಒಂದು ಸಾಲಿನ ಪ್ರಮಾಣ ಪತ್ರ ಇಲ್ಲದ್ದಕ್ಕೆ ಸಮ. ಇದು ಇಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ವಿಶೇಷವಾಗಿ ಹೇಳುವ ಮಾತು.

5. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಾಲಿನ ಚುಚ್ಚುಮದ್ದಿನಂಥ ಕೆಲವು ಅಪರಾಧಗಳಲ್ಲಿ ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದು. ಅತಿಹೊರೆಯಂಥವುಗಳಲ್ಲಿ ತನಿಖೆಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಠಾಣೆಯಲ್ಲಿ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ತಾವೇ ಖಾಸಗಿ ದೂರು ಸಲ್ಲಿಸಬಹುದು. ಜಿಲ್ಲಾ ಪ್ರಾಣಿಹಿಂಸೆ ತಡೆ ಸಂಘಕ್ಕೂ ತಿಳಿಸಿರಿ.

6. ಕಾಲಮಿತಿ ಮರೆಯಬೇಡಿರಿ. ಕಾಯಿದೆಯ 36ನೆಯ ಪ್ರಕರಣದಂತೆ, ಅಪರಾಧ ನಡೆದ ದಿನದಿಂದ 3 ತಿಂಗಳು ಕಳೆದ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ. ನಾಳೆ ನೋಡೋಣ ಎಂದವರ ಎಷ್ಟೋ ದೂರುಗಳು ಹೀಗೆ ಸತ್ತಿವೆ.

7. ತೊಂದರೆ ಒಬ್ಬರದಲ್ಲದೆ ಒಂದು ಸಂತೆ, ಒಂದು ರಸ್ತೆ, ಒಂದು ಉದ್ಯಮದ್ದಾಗಿದ್ದರೆ ಮೊದಲು ಜಿಲ್ಲಾಡಳಿತಕ್ಕೆ ಬರೆಯಿರಿ. ಫಲ ಸಿಗದಿದ್ದರೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಬಹುದು. ಅರ್ಹರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ.

8. ಹಗೆ ತೀರಿಸಿಕೊಳ್ಳಲು ಈ ಕಾಯಿದೆಯನ್ನು ಬಳಸಬೇಡಿರಿ. ಸುಳ್ಳು ದೂರಿನಿಂದ ಒಬ್ಬ ರೈತನ ಜೋಡಿ ಎತ್ತು ಉಳುಮೆಯ ಕಾಲದಲ್ಲಿ ಠಾಣೆಯ ಮುಂದೆ ನಿಂತರೆ ಆ ಸಂಸಾರಕ್ಕೆ ಒಂದು ಬೆಳೆಯೇ ಹೋದಂತೆ. ಮುಂದೆ ನಿಜವಾದ ದೂರನ್ನೂ ಊರವರು ನಂಬುವುದಿಲ್ಲ.

ಕೊನೆಯ ಮಾತು

ರೈತ ಬಾಂಧವರೇ, ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ನಮ್ಮ ಕೊಟ್ಟಿಗೆಯಲ್ಲಿಯೇ ಇದೆ. ನೊಗವನ್ನು ನುಣುಪಾಗಿ ಕೆತ್ತಿಸಿರಿ. ಅಚ್ಚಿಗೆ ಕೀಲೆಣ್ಣೆ ಹಾಕಿರಿ. ಹೆಗಲು ಊದಿಕೊಂಡ ದಿನವೇ ಗಾಡಿ ಕಟ್ಟುವುದನ್ನು ನಿಲ್ಲಿಸಿರಿ. ಹೆಗಲ ಬಾವು ಮೊದಲ ವಾರದಲ್ಲಿ ವಿಶ್ರಾಂತಿ ಮತ್ತು ಔಷಧಿಯಿಂದ ಬೇಗ ವಾಸಿಯಾಗುತ್ತದೆ. ಬಲಿತು ಹುಣ್ಣಾದರೆ ವಾಸಿಯಾಗಲು ತಿಂಗಳುಗಳೇ ಬೇಕು. ಎತ್ತಿನ ನೋವು ಮತ್ತು ನಿಮ್ಮ ನಷ್ಟ ಒಂದೇ ನೊಗದಲ್ಲಿ ಹೂಡಿದ ಜೋಡಿ ಎಂಬುದನ್ನು ನೆನಪಿಡಿರಿ.

1986ರಲ್ಲಿ ಸತ್ತ ಆ ಎತ್ತಿಗೆ ನಾನು ಒಂದು ಒಳ್ಳೆಯ ಪ್ರಮಾಣ ಪತ್ರದ ಸಾಲವನ್ನು ಉಳಿಸಿಕೊಂಡಿದ್ದೇನೆ. ಆ ದಿನ ನಾನು ಹತ್ತು ನಿಮಿಷ ಹೆಚ್ಚು ಕೂತು ಬರೆದಿದ್ದರೆ, ಮ್ಯಾಜಿಸ್ಟ್ರೇಟರು ಅದನ್ನು ಚಿಕಿತ್ಸೆಗೆ ಕಳುಹಿಸಬಹುದಾಗಿತ್ತು. ಎತ್ತು ತಾನಾಗಿ ಕೋರ್ಟಿನ ಮೆಟ್ಟಿಲು ಹತ್ತಲಾರದು. ಅದರ ಪರವಾಗಿ ಯಾರಾದರೂ ಹತ್ತಬೇಕು. ಹತ್ತುವವರು ಬರಿಗೈಯಲ್ಲಿ ಹೋಗಬಾರದು, ತಡವಾಗಿಯೂ ಹೋಗಬಾರದು. ಇಷ್ಟನ್ನು ತಾವು ಊರಿಗೆ ಹೋಗಿ ನಾಲ್ಕು ಜನಕ್ಕೆ ಹೇಳಿದರೆ ಈ ಶಿಬಿರಕ್ಕೆ ನಾನು ಬಂದದ್ದು ಸಾರ್ಥಕ.